ಕೊನೆಗಾಲದ ಆರೈಕೆಗೆ ಯಾರನ್ನು ನಂಬಬೇಕು? ಕಲಬುರಗಿ, ಬೀದರ, ಯಾದಗಿರಿ ಕುಟುಂಬಗಳಿಗೆ ಮಾರ್ಗದರ್ಶಿ

"ಮನಿಗಿ ಕರ್ಕೊಂಡು ಹೋಗ್ರಿ, ಇನ್ನ ಮಾಡೋದು ಏನೂ ಉಳಿದಿಲ್ಲ." ಹೈದರಾಬಾದ್, ಸೊಲ್ಲಾಪುರ, ಬಾರ್ಶಿ, ಬೆಂಗಳೂರು ಸುತ್ತಿ ಬಂದ ಎಷ್ಟೋ ಕುಟುಂಬಗಳು ಈ ಮಾತು ಕೇಳಿಸಿಕೊಂಡೇ ನಮ್ಮ ಕಡೆಯ ಊರುಗಳಿಗೆ ಮರಳುತ್ತವೆ. ಆದರೆ ಮಾಡುವುದು ಬಹಳ ಉಳಿದಿರುತ್ತದೆ. ನೋವು ಇಳಿಸಬೇಕು, ಗಾಯದ ವಾಸನೆ ತಡೆಯಬೇಕು, ಉಸಿರಾಟದ ಸಂಕಟ ಕಡಿಮೆ ಮಾಡಬೇಕು, ರೋಗಿಗೆ ರಾತ್ರಿ ನಿದ್ದೆ ಬರಬೇಕು, ಮನೆಯವರ ಕೈಗೆ ಬಲ ಬೇಕು. ಇದೇ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್. ಕೊನೆಯ ವಾರಗಳಲ್ಲಿ ಇದನ್ನೇ ಹಾಸಿಗೆ ಕೊಟ್ಟು ಮಾಡುವ ತಾಣಕ್ಕೆ ಹಾಸ್ಪೈಸ್ ಎನ್ನುತ್ತಾರೆ.

ತೊಡಕು ಏನೆಂದರೆ, ವೃದ್ಧಾಶ್ರಮ, ನರ್ಸಿಂಗ್ ಹೋಂ, ದಿನಗೂಲಿ ಮೇಲೆ ನರ್ಸ್ ಕಳಿಸುವ ಏಜೆನ್ಸಿ, ಹೀಗೆ ಯಾರು ಬೇಕಾದರೂ ಬೋರ್ಡಿನ ಮೇಲೆ ಇದೇ ಪದ ಬರೆಸಿಕೊಳ್ಳುವುದುಂಟು. ಟೈಲ್ಸ್, ಎ.ಸಿ., ಸ್ವಾಗತ ಕೌಂಟರ್ ನೋಡಿ ತೀರ್ಮಾನಿಸಬೇಡಿ. ಮೂರು ಸಂಗತಿ ನೋಡಿದರೆ ಮುಕ್ಕಾಲು ಪಾಲು ತಿಳಿದುಹೋಗುತ್ತದೆ: ಅವರ ಬಳಿ ಮಾರ್ಫಿನ್ (ತೀವ್ರ ನೋವಿಗೆ ಕೊಡುವ ಪ್ರಬಲ ಔಷಧಿ) ಮಾತ್ರೆ ಇದೆಯೇ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ರೋಗಿಯ ನೋವನ್ನು ದಿನವೂ ಅಳೆದು ಬರೆದಿಡುತ್ತಾರೆಯೇ. ಕೆಳಗಿನ ಹೆಜ್ಜೆಗಳೆಲ್ಲ ಈ ಮೂರನ್ನು ಹೊರಗೆಳೆಯುವ ದಾರಿಗಳು.

ಹೆಜ್ಜೆ 1: ನಿಮಗೆ ಏನು ಬೇಕು, ಮೊದಲು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಬರೆಯಿರಿ: ಕಾಯಿಲೆ ಯಾವುದು, ಈಗ ಹೆಚ್ಚು ಕಾಡುತ್ತಿರುವುದು ಏನು (ನೋವು, ಉಬ್ಬಸ, ವಾಂತಿ, ಗಾಯ, ಮಲಬದ್ಧತೆ, ಗೊಂದಲ), ಮೂಗಿನ ನಳಿಕೆ ಅಥವಾ ಮೂತ್ರದ ಪೈಪ್ ಇದೆಯೇ, ಯಾವತ್ತು ಹಾಕಿದ್ದು, ಮನೆಯಲ್ಲಿ ಹಗಲು-ರಾತ್ರಿ ನೋಡಿಕೊಳ್ಳುವವರು ಎಷ್ಟು ಜನ, ಊರು ತಾಲೂಕು ಕೇಂದ್ರದಿಂದ ಎಷ್ಟು ಕಿಲೋಮೀಟರ್. ಡಿಸ್ಚಾರ್ಜ್ ಸಾರಾಂಶ, ಬಯಾಪ್ಸಿ ವರದಿ, ಈಗ ನಡೆಯುತ್ತಿರುವ ಔಷಧಿಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ.

ಉಪಶಾಮಕ ಆರೈಕೆ ಕ್ಯಾನ್ಸರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಲಕ್ವ ಹೊಡೆದು ಹಾಸಿಗೆ ಹಿಡಿದವರು, ಡಯಾಲಿಸಿಸ್ ಬೇಡವೆಂದವರು, ಹೃದಯ ಸೋತವರು, ಮರೆಗುಳಿ ರೋಗದ ಹಿರಿಯರು, ಎಲ್ಲರಿಗೂ ಇದು ಬೇಕು. "ನಾವು ಕ್ಯಾನ್ಸರ್ ಪೇಷಂಟ್ ಅಷ್ಟೇ ನೋಡ್ತೀವಿ" ಎನ್ನುವವರು ಕೆಟ್ಟವರೆಂದಲ್ಲ, ಮೊದಲೇ ಕೇಳಿಕೊಂಡರೆ ಅಲೆದಾಟ ತಪ್ಪುತ್ತದೆ.

ಹೆಜ್ಜೆ 2: ಹೆಸರುಗಳನ್ನು ಕಲೆಹಾಕಿ

ಮೊದಲು ಚಿಕಿತ್ಸೆ ನಡೆದ ಆಸ್ಪತ್ರೆಯಲ್ಲೇ ಕೇಳಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಇದೆ; ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೆಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಅಲ್ಲಿ "ನೋವಿನ ಕ್ಲಿನಿಕ್ ಇದೆಯೇ, ಉಪಶಾಮಕ ಆರೈಕೆ ನೋಡುವ ಡಾಕ್ಟರು ಯಾರು, ಮನೆಗೆ ಬರುವ ತಂಡ ಯಾವುದು ಗೊತ್ತು" ಎಂದು ಕೇಳಿ. ಹೈದರಾಬಾದಿನಲ್ಲಿ ತೋರಿಸಿದವರು ಅಲ್ಲಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯ ಉಪಶಾಮಕ ವಿಭಾಗದಿಂದ ಸ್ಥಳೀಯ ವೈದ್ಯರಿಗೊಂದು ಪತ್ರ ಬರೆಸಿಕೊಂಡು ಬನ್ನಿ. ಔರಾದ, ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಇದು ಬಹಳ ಉಪಯೋಗ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸಿ, ಉಪಶಾಮಕ ಆರೈಕೆ ಆ ಕೇಂದ್ರಗಳ ಸೇವಾಪಟ್ಟಿಯಲ್ಲೇ ಇದೆ. ಪ್ಯಾಲಿಯಂ ಇಂಡಿಯಾ ಸಂಸ್ಥೆಯ ಉಚಿತ ಸಹಾಯವಾಣಿ 1800 202 7777. ಹತ್ತಿರದ ಕೇಂದ್ರ ಯಾವುದೆಂದು ಅಲ್ಲಿಯೂ ಕೇಳಬಹುದು.

ಹತ್ತಿರದಲ್ಲಿ ಹಾಸ್ಪೈಸ್ ಹಾಸಿಗೆ ಸಿಗದಿದ್ದರೆ ಗಾಬರಿ ಬೇಡ. ಮನೆಗೆ ಬರುವ ಒಳ್ಳೆಯ ತಂಡ, ದೂರದ ಕೆಟ್ಟ ಹಾಸ್ಪೈಸಿಗಿಂತ ಎಷ್ಟೋ ಮೇಲು.

ಹೆಜ್ಜೆ 3: ಹೋಗುವ ಮುಂಚೆ ಎರಡು ಸಲ ಫೋನ್ ಮಾಡಿ

ಹಗಲು ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ. ಹಗಲಿನ ಕರೆಯಲ್ಲಿ ಕೇಳಬೇಕಾದದ್ದು: ಬಾಯಿಂದ ನುಂಗುವ ಮಾರ್ಫಿನ್ ನಿಮ್ಮಲ್ಲೇ ಕೊಡುತ್ತೀರೋ ಅಥವಾ ಬೇರೆ ಊರಿಂದ ತರಬೇಕೋ? ಕಳೆದ ಮೂರು ತಿಂಗಳಲ್ಲಿ ಯಾವತ್ತಾದರೂ ದಾಸ್ತಾನು ಮುಗಿದಿತ್ತೇ? ನಮ್ಮ ಊರಿಗೆ ಬರುತ್ತೀರಾ, ವಾರಕ್ಕೆ ಎಷ್ಟು ಸಲ? ಮೊದಲ ಭೇಟಿ ಎಷ್ಟು ದಿನದೊಳಗೆ? ತೀವ್ರ ನೋವಿನಲ್ಲಿರುವ ರೋಗಿಗೆ "ಮುಂದಿನ ಸೋಮವಾರ" ಎಂಬ ಉತ್ತರ ಸಲ್ಲದು. ಒಂದೆರಡು ದಿನದಲ್ಲಿ ಬರಬೇಕು, ಬರಲಾಗದಿದ್ದರೆ ಅದೇ ದಿನ ಫೋನಿನಲ್ಲಾದರೂ ಡಾಕ್ಟರು ಮಾತಾಡಬೇಕು.

ರಾತ್ರಿಯ ಕರೆ ಪರೀಕ್ಷೆಗೆ. ಎತ್ತುವವರು ವಾಚ್‌ಮನ್ ಆಗಿದ್ದು, "ಬೆಳಿಗ್ಗೆ ಮಾಡ್ರಿ" ಎಂದರೆ ಉತ್ತರ ಸಿಕ್ಕಿತು. ನರ್ಸ್ ಎತ್ತಿ, ಹೆಸರು ಹೇಳಿ, ಏನು ತೊಂದರೆ ಎಂದು ವಿಚಾರಿಸಿದರೆ ಅಲ್ಲೊಂದು ವ್ಯವಸ್ಥೆ ಇದೆ ಎಂದರ್ಥ. ಕೊನೆಗಾಲದ ಸಂಕಟಗಳು ಆಫೀಸ್ ಟೈಮ್ ನೋಡಿ ಬರುವುದಿಲ್ಲ.

ಹೆಜ್ಜೆ 4: ಕಾಗದ ನೋಡಿ

ಹಾಸಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ), 2007ರ ಅಡಿ ನೋಂದಣಿ ಬೇಕು. ಆ ಪ್ರಮಾಣಪತ್ರ, ದರಪಟ್ಟಿ, ರೋಗಿಗಳ ಹಕ್ಕುಗಳ ಪಟ್ಟಿ ಗೋಡೆಯ ಮೇಲೆ ಕಾಣುವಂತಿರಬೇಕು. ಅವಧಿ ಮುಗಿದಿಲ್ಲವೇ, ಯಾವ ವೈದ್ಯ ಪದ್ಧತಿಗೆ ನೋಂದಣಿ ಎಂಬುದನ್ನೂ ಓದಿ.

ಎರಡನೆಯದು ಮಾರ್ಫಿನ್ ಅನುಮತಿ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ (ಮಾದಕ ದ್ರವ್ಯಗಳನ್ನು ನಿಯಂತ್ರಿಸುವ ಕಾನೂನು) ತಿದ್ದುಪಡಿಯಾದ ಮೇಲೆ ಹಲವು ಲೈಸೆನ್ಸುಗಳ ಜಂಜಾಟ ಹೋಯಿತು. 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂದು ರಾಜ್ಯ ಔಷಧ ನಿಯಂತ್ರಕರ ಒಂದೇ ಅನುಮೋದನೆ ಸಾಕು. ಹಾಗಾಗಿ "ಸರ್ಕಾರ ಮಾರ್ಫಿನ್ ಬಿಡಂಗಿಲ್ರಿ" ಎಂಬ ಮಾತು ನಿಜವಲ್ಲ. ಅವರು ಅರ್ಜಿ ಹಾಕಿಲ್ಲ ಎಂದಷ್ಟೇ ಅದರ ಅರ್ಥ.

ಮೂರನೆಯದು ತರಬೇತಿ. ಎಂಬಿಬಿಎಸ್ ಅಥವಾ ನರ್ಸಿಂಗ್ ಓದಿದ ಮಾತ್ರಕ್ಕೆ ಈ ಕೆಲಸ ಬರುವುದಿಲ್ಲ. ಡಾಕ್ಟರು, ಕನಿಷ್ಠ ಒಬ್ಬ ನರ್ಸ್, ಭಾರತೀಯ ಉಪಶಾಮಕ ಆರೈಕೆ ಸಂಘದ ಪ್ರಮಾಣಪತ್ರ ಕೋರ್ಸನ್ನೋ ಮಾನ್ಯ ತರಬೇತಿ ಕೇಂದ್ರದ ಆರು ವಾರದ ಕೋರ್ಸನ್ನೋ ಮುಗಿಸಿರಬೇಕು. "ಎಲ್ಲಿ ಕಲಿತಿರಿ?" ಎಂದು ಕೇಳಲು ಸಂಕೋಚ ಬೇಡ, ಕಲಿತವರು ಖುಷಿಯಿಂದಲೇ ಹೇಳುತ್ತಾರೆ.

ಹೆಜ್ಜೆ 5: ನೋವಿನ ಚಿಕಿತ್ಸೆ ಹೇಗೆ ಮಾಡುತ್ತಾರೆ?

ಗುಣಮಟ್ಟದ ನಿಜವಾದ ಪರೀಕ್ಷೆ ಇದೇ, ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ಕೊಡಿ.

ಬಲ್ಲವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ: ನೋವು ಎಲ್ಲಿ, ಎಷ್ಟು ಜಾಗ, ಹೇಗಿದೆ (ಕುಟುಕುತ್ತದೋ, ಉರಿಯುತ್ತದೋ, ಕರೆಂಟ್ ಹೊಡೆದಂತೆಯೋ), 0ರಿಂದ 10ರಲ್ಲಿ ಎಷ್ಟು, ನಿದ್ದೆ ಬರುತ್ತದೆಯೇ. ಇದನ್ನು ಫೈಲಿನಲ್ಲಿ ಬರೆಯುತ್ತಾರೆ, ದಿನವೂ ಮತ್ತೆ ಕೇಳಿ ಬರೆಯುತ್ತಾರೆ. ಮಾತಾಡಲಾಗದ ರೋಗಿಯಲ್ಲಿ ಮುಖದ ಸುಕ್ಕು, ನರಳಾಟ, ಮುಟ್ಟಿದರೆ ಬಿಗಿಯುವ ಮೈ ನೋಡಿ ಅಂದಾಜು ಮಾಡುತ್ತಾರೆ. ಹಾಸಿಗೆ ಪಕ್ಕದ ಚಾರ್ಟಿನಲ್ಲಿ ಬಿ.ಪಿ., ಜ್ವರ ಇದ್ದು ನೋವಿನ ಅಂಕವೇ ಇಲ್ಲದಿದ್ದರೆ ಅದು ಬರಿ ವಾರ್ಡು.

ಔಷಧಿ ಗಡಿಯಾರ ನೋಡಿ ಕೊಡಬೇಕು, "ನೋವು ಬಂದಾಗ ಹೇಳ್ರಿ" ಎಂದಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ವೇಳೆ ಹಾಕಿ, ನಡುರಾತ್ರಿ ಎಬ್ಬಿಸದಿರಲು ರಾತ್ರಿ 10ರದ್ದನ್ನು ದುಪ್ಪಟ್ಟು ಮಾಡುವುದು ರೂಢಿ. ಶುರುವಿನ ಪ್ರಮಾಣ ಹೆಚ್ಚಾಗಿ 5ರಿಂದ 10 ಮಿಲಿಗ್ರಾಂ. ವಯಸ್ಸಾದವರಿಗೆ, ಬಡಕಲು ಮೈಯವರಿಗೆ 2.5. ಕಿಡ್ನಿ ಕೆಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಪ್ರಮಾಣ ಡಾಕ್ಟರೇ ನಿರ್ಧರಿಸಬೇಕು. ನೀವು ನೋಡಬೇಕಾದದ್ದು, ಚೀಟಿಯಲ್ಲಿ ಇನ್ನೂ ಎರಡು ಸಂಗತಿ ಇವೆಯೇ ಎಂದು: ನಡುವೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್, ಮತ್ತು ಮಲ ಸಡಿಲಿಸುವ ಔಷಧಿ. ಮಾರ್ಫಿನ್ ಬರೆದು ಬಿಸಾಕೊಡಿಲ್‌ನಂಥ ಮಾತ್ರೆ ಬರೆಯದ ಚೀಟಿ ಅರ್ಧಂಬರ್ಧ ಚೀಟಿ. ಮಲಬದ್ಧತೆ ಬಂದೇ ಬರುತ್ತದೆ, ಐದಾರು ದಿನ ಹೊಟ್ಟೆ ಹೋಗದೆ ರೋಗಿ ಮಾರ್ಫಿನ್ನನ್ನೇ ದೂರುತ್ತಾರೆ, ಮನೆಯವರು ನಿಲ್ಲಿಸಿಬಿಡುತ್ತಾರೆ, ನೋವು ಮರಳುತ್ತದೆ. ಮೊದಲ ಎರಡು-ಮೂರು ದಿನ ಮಂಪರು, ಓಕರಿಕೆ ಇರಬಹುದು ಎಂದು ಮುಂಚಿತವಾಗಿ ಹೇಳುತ್ತಾರೆಯೇ ಗಮನಿಸಿ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಕರೆಮಾಡಿ ಎಂಬ ಸೂಚನೆ ಬರಹದಲ್ಲಿ ಇರಬೇಕು.

"ಮಾರ್ಫಿನ್ ಕೊಟ್ಟರೆ ಚಟ ಹತ್ತತ್ತ, ಬೇಗ ಹೋಗ್ತಾರ" ಎಂದು ಸಿಬ್ಬಂದಿಯೇ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸರಿಯಾದ ಪ್ರಮಾಣದಲ್ಲಿ ನೋವಿಗೆ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ.

ಇನ್ನೊಂದು ಗುರುತು ಇಂಜೆಕ್ಷನ್. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ದಿನಕ್ಕೆರಡು ಸಲ ಚುಚ್ಚುವುದು ಕಿಡ್ನಿಗೂ ಹೊಟ್ಟೆಗೂ ಕೆಡುಕು. ನೋವಿಗೇ ಕೊಡುವ ಪೆಂಟಾಜೋಸಿನ್ ಇಂಜೆಕ್ಷನ್ ಅಂತೂ ಮಾರ್ಫಿನ್ ಪರಿಣಾಮವನ್ನೇ ತಡೆಯಬಲ್ಲದು, ಎರಡನ್ನೂ ಒಟ್ಟಿಗೆ ಕೊಡುವವರಿಗೆ ವಿಷಯ ಗೊತ್ತಿಲ್ಲ. ನುಂಗಲು ಆಗುವ ತನಕ ಬಾಯಿಂದ, ಆಗದಾಗ ಚರ್ಮದಡಿಯ ಸಣ್ಣ ಸೂಜಿಯಿಂದ ಔಷಧಿ ಕೊಡುವುದು ಬಲ್ಲವರ ಕ್ರಮ. ಉರಿ ಮತ್ತು ಕರೆಂಟಿನಂಥ ನೋವು ನರದ್ದು. ಅದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಥರದ ಬೇರೆ ಮಾತ್ರೆ ಸೇರಿಸುತ್ತಾರೆ. "ಇಂಥ ನೋವಿಗೆ ಏನು ಕೊಡುತ್ತೀರಿ?" ಎಂದು ಕೇಳಿ ನೋಡಿ.

ನಮ್ಮ ಸೀಮೆಗೆಂದೇ ಒಂದು ಎಚ್ಚರಿಕೆ. ಮೈಗೆ ಅಂಟಿಸುವ ಫೆಂಟಾನಿಲ್ (ಮಾರ್ಫಿನ್ ಥರದ್ದೇ ಪ್ರಬಲ ನೋವಿನ ಔಷಧಿ) ಪಟ್ಟಿಯನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಚರ್ಮ ಬಿಸಿಯಾದರೆ ಅದರಿಂದ ಔಷಧಿ ಹೆಚ್ಚು ವೇಗವಾಗಿ ದೇಹಕ್ಕಿಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ, ತಗಡಿನ ಸೂರಿನ ಕೆಳಗೆ ಮಲಗಿದ ರೋಗಿಗೆ ಜ್ವರವೂ ಬಂದರೆ ಅದೇ ಪಟ್ಟಿ ಅತಿಯಾಗಬಹುದು. ಬೆವರಿಗೆ ಪಟ್ಟಿ ಕಿತ್ತು ಬಂದರೆ ನೋವು ಏರುತ್ತದೆ. ಪಟ್ಟಿ ಕೊಡುವಾಗ ಕೂಲರ್ ಇದೆಯೇ, ಸೂರು ಯಾವುದು, ಜ್ವರ ಇದೆಯೇ ಎಂದು ಕೇಳುವ ತಂಡ ಸಿಕ್ಕರೆ ಬಿಡಬೇಡಿ.

ಹೆಜ್ಜೆ 6: ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡಿ

ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಹೋಗಿ. ಬೆಳಗಿನ ರೌಂಡ್ಸ್ ಸಡಗರ ಮುಗಿದು ನಿಜಸ್ಥಿತಿ ಕಾಣುತ್ತದೆ. ಬೇರೆ ರೋಗಿಗಳ ಹೊದಿಕೆ ಎತ್ತಿ ನೋಡುವುದು ಬೇಡ, ದೂರದಿಂದ ಕಾಣುವುದೇ ಸಾಕು.

ತುಟಿ, ಬಾಯಿ ನೋಡಿ. ಒಣಗಿ ಬಿರಿದ ತುಟಿ, ಬಿಳಿ ಪೊರೆ ಕಟ್ಟಿದ ನಾಲಗೆ ಇದ್ದರೆ ದಿನಕ್ಕೆ ನಾಲ್ಕಾರು ಬಾರಿ ಮಾಡಬೇಕಾದ ಬಾಯಿಯ ಆರೈಕೆ ನಡೆಯುತ್ತಿಲ್ಲ. ಸೋಡಾ ಬೈಕಾರ್ಬನೇಟ್ ಬೆರೆಸಿದ ನೀರು ಮತ್ತು ಹತ್ತಿಬಟ್ಟೆ ಸಾಕಾಗುವ ಕೆಲಸ ಅದು, ಅದೇ ಆಗದ ಕಡೆ ದೊಡ್ಡದು ಆಗುವುದಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ದಾಖಲೆ ಕೇಳಿ. ಗಾಳಿಹಾಸಿಗೆ ಇದೆ ಎಂದ ಮಾತ್ರಕ್ಕೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬು ಇದೆಯೇ ನೋಡಿ.

ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ನಮ್ಮ ಕಡೆ ಬಹಳ. ಕೊಳೆತ ಗಾಯದ ವಾಸನೆಯಿಂದಲೇ ರೋಗಿಯನ್ನು ಹಿತ್ತಲ ಕೋಣೆಗೆ ಹಾಕಿದ ಮನೆಗಳಿವೆ. ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿಮಾಡಿ ಗಾಯಕ್ಕೆ ಉದುರಿಸಿ ಡ್ರೆಸ್ಸಿಂಗ್ ಮಾಡಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಹುಳು ಬಿದ್ದರೆ ಟರ್ಪೆಂಟೈನ್ ಹನಿಸಿದ ಗಾಜ್ ಹಿಡಿದು, ಹೊರಬಂದ ಹುಳುಗಳನ್ನು ಚಿಮ್ಮಟದಿಂದ ತೆಗೆಯುತ್ತಾರೆ. "ಹುಳು ಬಿದ್ದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ ಮುಖ ಸಿಂಡರಿಸದೆ ಹೀಗೆ ಬಿಡಿಸಿ ಹೇಳುವ ನರ್ಸ್ ಕೈಪಳಗಿದವರು.

ಎಲ್ಲ ಹಾಸಿಗೆಗೂ ಸಲೈನ್ ಬಾಟಲಿ ನೇತಾಡುತ್ತಿದ್ದರೆ ಅನುಮಾನಪಡಿ. ಕೊನೆಯ ದಿನಗಳಲ್ಲಿ ದೇಹ ಹೆಚ್ಚಿನ ನೀರನ್ನು ನಿಭಾಯಿಸಲಾರದು; ಡ್ರಿಪ್ ಏರಿಸಿದಷ್ಟೂ ಕಾಲು ಬಾಯುತ್ತದೆ, ಗಂಟಲಲ್ಲಿ ಗೊರಗೊರ ಹೆಚ್ಚುತ್ತದೆ. ತಿನ್ನಲಾಗದ್ದಕ್ಕೆ ಸಾಯುತ್ತಿಲ್ಲ, ಸಾವು ಸಮೀಪಿಸಿದ್ದಕ್ಕೆ ತಿನ್ನಲಾಗುತ್ತಿಲ್ಲ ಎಂಬುದನ್ನು ಮನೆಯವರಿಗೆ ಕೂತು ಬಿಡಿಸಿ ಹೇಳುವುದು ಕಷ್ಟದ ಕೆಲಸ, ಬಾಟಲಿ ನೇತುಹಾಕುವುದು ಸುಲಭ.

ಇನ್ನು ಉಳಿದವು: ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ನರ್ಸ್, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು, ಜೊತೆಗಿರುವವರು ಮಲಗಲು ಜಾಗ, ಮನೆಯಿಂದ ಜೋಳದ ಗಂಜಿ, ಮಜ್ಜಿಗೆ ತರಲು ಬಿಡುತ್ತಾರೆಯೇ. ರೋಗಿಯ ಮಾತು ಅರ್ಥವಾಗುವವರು ಇರಬೇಕು. ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತ್ರ ಬಲ್ಲ ಹಿರಿಯರು ನೋವನ್ನು ಬೇರೆ ಭಾಷೆಯಲ್ಲಿ ಹೇಳಲಾರರು. ಕೊನೆಗಳಿಗೆಯಲ್ಲಿ ವಿಭೂತಿ ಹಚ್ಚಲು, ಕೈಯಲ್ಲಿ ಇಷ್ಟಲಿಂಗ ಇಡಲು, ಕಲಿಮಾ ಓದಲು, ಪ್ರಾರ್ಥನೆ ಮಾಡಲು ಅಡ್ಡಿ ಇಲ್ಲ ತಾನೆ ಎಂದು ಈಗಲೇ ಕೇಳಿ.

ಹೆಜ್ಜೆ 7: ಮನೆಗೆ ಬರುವ ತಂಡವಾದರೆ

ಮೊದಲ ಭೇಟಿ ಹತ್ತು ನಿಮಿಷದಲ್ಲಿ ಮುಗಿಯಬಾರದು. ಮುಕ್ಕಾಲು ಗಂಟೆಯಾದರೂ ಬೇಕು. ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಬೇಕು, ರೋಗಿಯ ಜೊತೆ ಒಂಟಿಯಾಗಿ ಮಾತಾಡಬೇಕು, ಆಮೇಲೆ ಮನೆಯಲ್ಲಿ ಒಬ್ಬರಿಗೆ ಡ್ರೆಸ್ಸಿಂಗ್, ಮಗ್ಗುಲು ಬದಲಿಸುವುದು, ನಳಿಕೆಯಲ್ಲಿ ಆಹಾರ ಕೊಡುವುದನ್ನು ಕೈಹಿಡಿದು ಕಲಿಸಬೇಕು. ಹೊರಡುವಾಗ ಕನ್ನಡದಲ್ಲೋ ನಿಮಗೆ ಓದಲು ಬರುವ ಭಾಷೆಯಲ್ಲೋ ಬರೆದ ಔಷಧಿ ಪಟ್ಟಿ ಕೈಲಿರಬೇಕು.

ಚಿಂಚೋಳಿ, ಸುರಪುರ, ಹುಣಸಗಿಯ ಒಳಹಳ್ಳಿಗಳಿಗೆ ಗಾಡಿ ಬರಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮುಂದೆ ಬರಬಹುದಾದ ಸಂಕಟಗಳಿಗೆ ಔಷಧಿ ಮುಂಚಿತವಾಗಿ ಮನೆಯಲ್ಲಿ ಇಟ್ಟಿರಬೇಕು: ಹೆಚ್ಚುವರಿ ನೋವಿನ ಡೋಸ್, ವಾಂತಿಗೆ, ಗೊಂದಲಕ್ಕೆ, ಗಂಟಲ ಗೊರಗೊರಕ್ಕೆ. ಗಾಯದಿಂದ ರಕ್ತ ಹರಿಯುವ ಸಂಭವವಿದ್ದರೆ ಕಡುಬಣ್ಣದ ಟವೆಲ್‌ಗಳನ್ನು ಪಕ್ಕದಲ್ಲಿಡಲು ಹೇಳುವವರು ಮುಂದಿನದನ್ನು ಯೋಚಿಸಿದವರು, ಏಕೆಂದರೆ ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿಯೇ ರೋಗಿ ಹೆದರುತ್ತಾರೆ.

ಆಕ್ಸಿಜನ್ ಬಾಡಿಗೆಗೆ ಕೊಡಲು ಆತುರಪಡುವವರ ಬಗ್ಗೆ ಎಚ್ಚರ. ರಕ್ತದಲ್ಲಿ ಆಮ್ಲಜನಕ ಸರಿಯಿದ್ದರೂ ಉಬ್ಬಸ ಇರಬಹುದು. ಆಗ ಮುಖಕ್ಕೆ ತಾಗುವ ಫ್ಯಾನ್, ತಲೆ ಎತ್ತರಿಸಿ ಕೂರಿಸುವುದು, ಸಣ್ಣ ಪ್ರಮಾಣದ ಮಾರ್ಫಿನ್ ಹೆಚ್ಚು ಕೆಲಸ ಮಾಡುತ್ತವೆ. ನಿಜಕ್ಕೂ ಬೇಕಿದ್ದರೆ ಲೆಕ್ಕ ಹಾಕಿಕೊಳ್ಳಿ: 1,500 ಲೀಟರಿನ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಸುಮಾರು ಹನ್ನೆರಡು ಗಂಟೆ ಬರುತ್ತದೆ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರ ಕರೆಂಟ್ ಇದ್ದರೆ ಮಾತ್ರ ಓಡುತ್ತದೆ, ಹಳ್ಳಿಯಲ್ಲಿ ಅದರ ಜೊತೆ ಒಂದು ಸಿಲಿಂಡರ್ ಬೇಕೇ ಬೇಕು.

ಹೆಜ್ಜೆ 8: ದುಡ್ಡಿನ ಮಾತು, ನಿರ್ಧಾರದ ಮಾತು

ದಿನದ ದರದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ: ಔಷಧಿ, ಡ್ರೆಸ್ಸಿಂಗ್, ಡೈಪರ್, ಡಾಕ್ಟರ್ ಭೇಟಿ, ಗಾಡಿ. ಮಾರ್ಫಿನ್ ಮಾತ್ರೆ ಅಗ್ಗ, ಫೆಂಟಾನಿಲ್ ಪಟ್ಟಿ ದುಬಾರಿ. ಮಾತ್ರೆ ನುಂಗಬಲ್ಲ ರೋಗಿಗೆ ಕಾರಣ ಹೇಳದೆ ಪಟ್ಟಿಯನ್ನೇ ಬರೆದರೆ ಏಕೆಂದು ಕೇಳಿ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್ ರೋಗಿಗಳಿಂದ ಹಣ ಪಡೆಯುವುದಿಲ್ಲ. ಹಾಗೆಂದು ಉಚಿತವೆಲ್ಲ ಒಳ್ಳೆಯದೂ ಅಲ್ಲ, ದುಬಾರಿಯೆಲ್ಲ ಒಳ್ಳೆಯದೂ ಅಲ್ಲ. ಬಾಕಿ ಹಣಕ್ಕಾಗಿ ಶವ ಹಿಡಿದಿಡಲು ಕೆಪಿಎಂಇ ಕಾಯ್ದೆ ಅವಕಾಶ ಕೊಡುವುದಿಲ್ಲ.

ವೆಂಟಿಲೇಟರ್, ಎದೆ ಒತ್ತುವುದು, ಐಸಿಯು ಬೇಕೋ ಬೇಡವೋ ಎಂದು ರೋಗಿಗೆ ಪ್ರಜ್ಞೆ ಇರುವಾಗಲೇ ಕೇಳಿ ಬರೆದಿಡುವ ತಂಡ ಒಳ್ಳೆಯದು. ಹೀಗೆ ಮುಂಚೆಯೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಮಾನ್ಯ ಮಾಡಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶವನ್ನು 2025ರ ಜನವರಿಯಲ್ಲಿ ಹೊರಡಿಸಿದೆ. "ಅದೆಲ್ಲ ಕಾನೂನಿನಾಗ ಇಲ್ಲ" ಎನ್ನುವ ಕೇಂದ್ರ ಹಿಂದುಳಿದಿದೆ.

ಹೆಜ್ಜೆ 9: ಮೊದಲ ಮೂರು ದಿನ ಲೆಕ್ಕ ಇಡಿ

ಸೇರಿಸಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ-ರಾತ್ರಿ ನೋವಿನ ಅಂಕ, ನಿದ್ದೆಯ ಗಂಟೆ, ಮಲ ಆಯಿತೇ, ಹೆಚ್ಚುವರಿ ಡೋಸ್ ಎಷ್ಟು ಸಲ, ಕರೆದಾಗ ಎಷ್ಟು ನಿಮಿಷಕ್ಕೆ ಬಂದರು ಎಂದು ಬರೆಯಿರಿ. ಎಂಟಿದ್ದ ನೋವು ಮೂರು ದಿನದಲ್ಲಿ ಮೂರು-ನಾಲ್ಕಕ್ಕೆ ಇಳಿಯಬೇಕು, ಇಳಿಯದಿದ್ದರೆ ಔಷಧಿ ಬದಲಾಗಿರಬೇಕು. ಅಂಕವೂ ಇಳಿಯದೆ ಚೀಟಿಯೂ ಬದಲಾಗದೆ ಇದ್ದರೆ ನೋಟ್‌ಬುಕ್ ಹಿಡಿದು ಡಾಕ್ಟರ ಮುಂದೆ ಕೂರಿ. ಆಗಲೂ ಬದಲಾಗದಿದ್ದರೆ ಬೇರೆ ಕಡೆ ಹೋಗಿ. ಹೋಗುವಾಗ ಮಾರ್ಫಿನ್ ಒಮ್ಮೆಲೇ ನಿಲ್ಲದಂತೆ ಕೆಲವು ದಿನದ ಮಾತ್ರೆ ಮತ್ತು ಚೀಟಿ ಪಡೆದೇ ಹೊರಡಿ.

ಖಾಸಗಿ ಸಂಸ್ಥೆಯ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಬರೆದು ಕೊಡಿ. ಅದನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಸಲ್ಲಿಸಬಹುದು, ಸ್ವೀಕೃತಿ ಪಡೆಯಲು ಮರೆಯಬೇಡಿ.

ಸಾವಿನ ನಂತರ

ಮನೆಯಲ್ಲೇ ತೀರಿಕೊಂಡರೆ, ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣದ ಪ್ರಮಾಣಪತ್ರವನ್ನು ಫಾರಂ 4ಎ ಯಲ್ಲಿ ಕೊಡಬೇಕು. ಮರಣ ನೋಂದಣಿಗೆ 21 ದಿನದ ಅವಧಿ. ರಾತ್ರಿ ಸಾವಾದರೆ ಯಾರು ಬಂದು ಖಚಿತಪಡಿಸುತ್ತಾರೆ ಎಂದು ಸೇರುವಾಗಲೇ ಕೇಳಿಟ್ಟುಕೊಂಡರೆ ಮಣ್ಣು ಮಾಡಲು ಕಾಯುವ ಪಾಡು ತಪ್ಪುತ್ತದೆ. ಉಳಿದ ಮಾರ್ಫಿನ್ ಮಾತ್ರೆ, ಪಟ್ಟಿಗಳನ್ನು ಎಣಿಸಿ ಕೊಟ್ಟವರಿಗೇ ಮರಳಿಸಿ. ಒಳ್ಳೆಯ ತಂಡ ಅವನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ರಸೀದಿ ಕೊಡುತ್ತದೆ, ಕೆಲವು ವಾರ ಬಿಟ್ಟು ಮನೆಯವರು ಹೇಗಿದ್ದಾರೆಂದು ನೋಡಲು ಇನ್ನೊಮ್ಮೆ ಬರುತ್ತದೆ.